ಹೊಸಬರಿಗೆ ಪೋರ್ಚುಗಲ್

"ಮೊದ್ಲು ಒಂದು ದೇಶ ಆರಿಸ್ಕೋಬೇಕು," ಎಂದಳು ರಶ್ಮಿತಾ. "ಆಮೇಲೆ ಮಿಕ್ಕಿದ್ದು."

ನಿರ್ಮಲಾ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಬಗ್ಗಿದಳು. ಪರದೆಯ ತುಂಬ ಭೂಪಟ. ಒಂದೊಂದು ದೇಶಕ್ಕೂ ಒಂದೊಂದು ಬಣ್ಣ. ದೊಡ್ಡವು ನಾಲ್ಕಾರು, ಅವುಗಳ ಸಂದಿಯಲ್ಲಿ ದರ್ಜಿಯ ಅಂಗಡಿಯ ಚಿಂದಿಯಂಥವು ಲೆಕ್ಕವಿಲ್ಲದಷ್ಟು. ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಬಣ್ಣ ಕಂಡರೆ ಹೆದರಿಕೆಯೇನಿಲ್ಲ. ಆದರೆ ರೇಷ್ಮೆಯ ಲಡಿಗಳು ಯಾವತ್ತೂ ನೀನು ಯಾರು, ನಿನ್ನ ವೈರಿ ಯಾರು ಎಂದು ಕೇಳಿದ್ದಿಲ್ಲ. ಇಲ್ಲಿ ಒಂದು ಬಣ್ಣವನ್ನು ಮುಟ್ಟಿದರೆ ಸಾಕು, ಪಕ್ಕದಲ್ಲಿ ಒಬ್ಬ ಮೀಸೆಯ ರಾಜ, ಅವನ ಬೊಕ್ಕಸ, ಅವನ ದಂಡು, ಅವನಿಗೆ ಆಗದವರು, ಎಲ್ಲ ಇಂಗ್ಲಿಷಿನಲ್ಲಿ ಎದ್ದು ನಿಲ್ಲುತ್ತಿದ್ದವು.

"ನಮ್ಮೂರು ಯಾವುದ್ರಾಗೆ ಬರ್ತತೆ?" ಎಂದು ಕೇಳಿದಳು.

"ವಿಜಯನಗರದಾಗೆ."

"ಹಂಗಾರೆ ಅದನ್ನೇ ತಗಂಡ್ರೆ?"

"ಹೊಸಬ್ರೆಲ್ಲ ಮಾಡೋ ತಪ್ಪೇ ಅದು. ನಮ್ಮೂರು ಅಂತ ತಗಂತಾರೆ. ಮೇಲಿಂದ ಬಹಮನಿಯೋರು ಬಂದು ಬಡಿದು ಹೋಗ್ತಾರೆ. ಹೊಸಬ್ರಿಗೆ ಪೋರ್ಚುಗಲ್ ವಾಸಿ. ಮೂಲೇಲೈತೆ. ಬೆನ್ನಿಗೆ ಸಮುದ್ರ, ಪಕ್ಕಕ್ಕೆ ಒಬ್ನೇ. ಅವನ ಜೊತೆ ಚೆನ್ನಾಗಿದ್ರೆ ಇನ್ಯಾರೂ ತಂಟೆಗೆ ಬರಲ್ಲ."

ಮಾಘದಲ್ಲಿ ಮದುವೆಯಾಗಿ ಈ ಮನೆಗೆ ಬಂದ ಮೇಲೆ ನಿರ್ಮಲಾ ಈ ಹುಡುಗಿಯ ಬಾಯಿಂದ ಕೇಳಿದ ಅತಿ ಉದ್ದದ ಮಾತು ಇದು. ಆ ಸಂತೋಷದಲ್ಲಿ ಮಾತಿನ ಅರ್ಧ ತಲೆಗೇ ಹೋಗಲಿಲ್ಲ. ಪೋರ್ಚುಗಲ್ ಎನ್ನುವ ಹೆಸರೊಂದು ಉಳಿಯಿತು.

ರಶ್ಮಿತಾ ಅವಳ ಗಂಡ ಆಂಜಿನೇಯನ ಮಗಳು. ಮೊದಲನೆಯ ಹೆಂಡತಿ ಪ್ರೇಮಲತಾಳ ಮಗಳು ಎಂದರೆ ಇನ್ನೂ ಸರಿ. ಪ್ರೇಮಲತಾ ಹೈಸ್ಕೂಲಿನಲ್ಲಿ ಸಮಾಜದ ಟೀಚರು. ನಲವತ್ತೊಂದಕ್ಕೆ, ದಾವಣಗೆರೆಯ ಆಸ್ಪತ್ರೆಗೆ ಓಡಾಡಿ ಓಡಾಡಿ, ಮೂರು ವರ್ಷದ ಹಿಂದೆ ತೀರಿಕೊಂಡಿದ್ದಳು. ಮಗಳು ಈಗ ಸೆಕೆಂಡ್ ಪಿಯುಸಿ. ಹೊಸದಾಗಿ ಬಂದವಳನ್ನು ಅವಳು ಬೈದವಳಲ್ಲ, ಎದುರಾಡಿದವಳಲ್ಲ, ತಟ್ಟೆ ತಳ್ಳಿದವಳಲ್ಲ. ಬ್ಯಾಂಕಿನ ಕೌಂಟರಿನಲ್ಲಿ ಕೂತ ಹೆಂಗಸಿನ ಜೊತೆ ಮಾತಾಡುವ ಹಾಗೆ ಮಾತಾಡುತ್ತಿದ್ದಳು, ಅಷ್ಟೇ. ಸಾರು ಚೆನ್ನಾಗಿದೆ ಎಂದೂ ಹೇಳಲಿಲ್ಲ, ಉಪ್ಪು ಜಾಸ್ತಿ ಎಂದೂ ಹೇಳಲಿಲ್ಲ. ನಿರ್ಮಲಾಗೆ ಇದಕ್ಕಿಂತ ಜಗಳವೇ ವಾಸಿ ಅನ್ನಿಸಿತ್ತು. ಹಾಸಿಗೆ ಹಿಡಿದ ತಾಯಿಯನ್ನು ನೋಡಿಕೊಳ್ಳುತ್ತಾ ಮೂವತ್ತಾರು ದಾಟಿ ಮದುವೆಯಾದವಳು ಅವಳು. ತನಗೊಂದು ಮನೆ ಸಿಕ್ಕಿತು ಎಂದುಕೊಂಡರೆ, ಆ ಮನೆಯಲ್ಲಿ ಒಂದು ಕೋಣೆಯ ಬಾಗಿಲು ಯಾವಾಗಲೂ ಅರ್ಧ ಮುಚ್ಚಿಯೇ ಇರುತ್ತಿತ್ತು.

ಆ ಕೋಣೆಯಿಂದ ಸಂಜೆ ಹೊತ್ತು ಒಂದು ರಾಗ ಕೇಳಿಬರುತ್ತಿತ್ತು. ಕಹಳೆಯಂಥದ್ದು, ಜೊತೆಗೆ ತಂತಿ ಮೀಟಿದ ಸದ್ದು. ಒಂದು ನಿಮಿಷ ಕೇಳಿ, ಟಪ್ ಎಂದು ನಿಲ್ಲುತ್ತಿತ್ತು. ಒಂದು ದಿನ ಧೈರ್ಯ ಮಾಡಿ ಬಾಗಿಲಲ್ಲಿ ನಿಂತು, "ಅದೇನಮ್ಮ ಹಾಡು?" ಎಂದು ಕೇಳಿದ್ದಳು. "ಹಾಡಲ್ಲ, ಆಟ. ರಾಜ್ಯ ಆಳೋದು." "ನೀನು ಆಡೋದು ಕಾಣ್ಲಿಲ್ಲ?" ಹುಡುಗಿ ಲ್ಯಾಪ್‌ಟಾಪಿನ ಮುಚ್ಚಳ ಹಾಕಿದಳು. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಹಿಂತಿರುಗುತ್ತಿದ್ದರು. ನಿರ್ಮಲಾ, "ನನಗೂ ಹೇಳ್ಕೊಡ್ತೀಯಾ?" ಎಂದುಬಿಟ್ಟಳು. ಅಂದ ಮೇಲೆ ಅವಳಿಗೇ ಗಾಬರಿಯಾಯಿತು. ಮೊಬೈಲಿನಲ್ಲಿ ಗ್ಯಾಸ್ ಬುಕ್ ಮಾಡುವುದನ್ನೇ ಗಂಡನಿಗೆ ಬಿಟ್ಟವಳು ರಾಜ್ಯ ಆಳುವುದುಂಟೇ?

ಆದರೆ ಹುಡುಗಿ ಇಲ್ಲ ಎನ್ನಲಿಲ್ಲ. ಇವತ್ತು ಭೂಪಟ ತೋರಿಸಿದಳು. ನಾಳೆ ಬೆಳಿಗ್ಗೆ ಪರಶುರಾಂಪುರಕ್ಕೆ, ಪ್ರೇಮಲತಾಳ ತವರಿಗೆ, ಅಜ್ಜಿಯನ್ನು ನೋಡಲು ಹೊರಟಿದ್ದಳು.

"ಭಾನುವಾರ ಬರ್ತೀನಿ," ಎಂದು ಲ್ಯಾಪ್‌ಟಾಪನ್ನು ಮೇಜಿನ ಮೇಲೆಯೇ ಬಿಟ್ಟಳು. "ಇಲ್ಲೇ ಇರ್ಲಿ. ತೆಗೆದು ನೋಡ್ಕಂತ ಇರಿ. ಬರೋ ಹೊತ್ತಿಗೆ ಆರಿಸಿಟ್ಟಿದ್ರೆ ಹೇಳ್ಕೊಡ್ತೀನಿ."

ಮಾರನೆಯ ದಿನ ಇಡೀ ನಿರ್ಮಲಾ ಪೋರ್ಚುಗಲ್ ಹುಡುಕಿದಳು. ಹಿಂದಿನ ರಾತ್ರಿ ಊಟಕ್ಕೆ ಕೂತಾಗ ಗಂಡನನ್ನು, "ಪೋರ್ಚುಗಲ್ ಎಲ್ಲೈತ್ರಿ?" ಎಂದು ಕೇಳಿದ್ದಳು. ಆಂಜಿನೇಯ ಎಣ್ಣೆ ಮಿಲ್ಲಿನಲ್ಲಿ ಫಿಟ್ಟರ್. ಗಾಣದ ಯಂತ್ರದ ಹೊಟ್ಟೆಯೊಳಗೆ ಏನಿದೆ ಎಂದು ಕೇಳಿದರೆ ಕಣ್ಣು ಮುಚ್ಚಿ ಹೇಳುತ್ತಿದ್ದ. ಅವನು ಮುದ್ದೆ ಮುರಿಯುತ್ತಾ ಯೋಚಿಸಿ, "ಗೋವಾದ ಕಡೆ ಇರ್ಬೇಕು. ಗೋವಾದಾಗೆ ಪೋರ್ಚುಗೀಸರೇ ಇದ್ರಂತಲ್ಲ," ಎಂದಿದ್ದ. ಸರಿ, ಅವಳು ಗೋವಾದ ಆಸುಪಾಸನ್ನು ಜರಡಿ ಹಿಡಿದಳು. ಸಿಗಲಿಲ್ಲ. ಒಂದು ಬಣ್ಣ ಮುಟ್ಟಿದರೆ ಇನ್ನೊಂದು ಬಣ್ಣ ಕೆಂಪಗಾಗುತ್ತಿತ್ತು. ಯಾವ ರಾಜನನ್ನು ನೋಡಿದರೂ ಪಾಪ ಎನಿಸುತ್ತಿತ್ತು. ಒಬ್ಬನಿಗೆ ಮಕ್ಕಳಿಲ್ಲ, ಒಬ್ಬನಿಗೆ ದುಡ್ಡಿಲ್ಲ, ಒಬ್ಬನಿಗೆ ಸುತ್ತ ಹತ್ತು ಕಡೆ ಹಗೆ. ಇವರಲ್ಲಿ ಯಾರನ್ನು ಹಿಡಿಯುವುದು, ಯಾರನ್ನು ಬಿಡುವುದು? ಹಿಡಿದವನನ್ನು ಮುಳುಗಿಸಿದರೆ ಆ ಹುಡುಗಿ ಏನೆಂದುಕೊಂಡಾಳು? ಸಂಜೆಯ ಹೊತ್ತಿಗೆ ತಲೆ ಮೊಸರುಗಡಿಗೆಯಾಗಿತ್ತು.

ಶುಕ್ರವಾರ ಮಧ್ಯಾಹ್ನ ಮತ್ತೆ ಕೂತಳು. ಆಟ ತೆರೆದಾಗ ಕಹಳೆಯ ರಾಗ ಬಂತು. ಭೂಪಟಕ್ಕೆ ಹೋಗುವ ಮುಂಚೆ ಪರದೆಯ ಮೇಲೆ ಎರಡು ಹಲಗೆ ಇದ್ದವು. ರಶ್ಮಿತಾ ತೋರಿಸಿಕೊಟ್ಟಿದ್ದಂತೆ ನಿನ್ನೆ ಮೇಲಿನದನ್ನೇ ಒತ್ತಿದ್ದಳು. ಇವತ್ತು ಬಿಡುವಾಗಿ ಎರಡನ್ನೂ ಕೂಡಿಸಿ ಓದಿದಳು. ಮೇಲಿನದು ನ್ಯೂ ಗೇಮ್. ಕೆಳಗಿನದು ಕಂಟಿನ್ಯೂ.

ಹೊಸದು. ಮುಂದುವರಿಸು.

ಅವಳ ಕೈ ತಾನಾಗಿಯೇ ಕೊರಳಿಗೆ ಹೋಯಿತು. ತಾಳಿಯ ಪಕ್ಕದಲ್ಲಿ ಕಡಲೆಬೇಳೆಯಷ್ಟು ದೊಡ್ಡ ಚಿನ್ನದ ಬಿಲ್ಲೆ. ಸವತಿ ಪದಕ. ಎರಡನೆಯವಳಾಗಿ ಬಂದವಳು ಮೊದಲನೆಯವಳನ್ನು ಕೊರಳಲ್ಲಿ ಇಟ್ಟುಕೊಳ್ಳಬೇಕು ಎಂದು ಧಾರೆಯ ದಿನವೇ ಅತ್ತೆ ಸೂರಮ್ಮ ಕಟ್ಟಿಸಿದ್ದಳು. ಮನೆಗೆ ಕಾಲಿಟ್ಟಾಗ ಒಲೆಯ ಮುಂದೆ ನಿಲ್ಲಿಸಿ ಹೇಳಿದ್ದಳು: "ಇದು ಆಯಮ್ಮ ಹಚ್ಚಿದ ಒಲೆ. ನೀನು ಹೊಸಾದು ಹೂಡಬ್ಯಾಡ. ಏನು ಮಾಡಾಕಾದ್ರೂ ಮೊದ್ಲು ಅಕ್ಕನ್ನ ಕೇಳು. ಆಯಮ್ಮ ಎಲ್ಲಿಗೆ ಬಿಟ್ಟೌಳೋ ಅಲ್ಲಿಂದ ಹಿಡ್ಕಂಡು ನಡಸ್ಕಂಡು ಹೋಗು. ಆಗ ಆಯಮ್ಮಗೂ ಸಮಾಧಾನ, ನಿನಗೂ ಒಳ್ಳೇದು." ನಿರ್ಮಲಾ ಹಾಗೆಯೇ ನಡೆದುಕೊಂಡಿದ್ದಳು. ಮುದ್ದೆಯ ಕೋಲಿಗೆ ಕುಂಕುಮ ಇಟ್ಟು ಕೈಗೆತ್ತಿಕೊಂಡಿದ್ದಳು. ಪ್ರೇಮಲತಾ ಬೆಳೆಸಿದ ಕರಿಬೇವಿನ ಗಿಡಕ್ಕೆ ನೀರು ಹಾಕುವಾಗಲೂ ಒಮ್ಮೆ ಬಿಲ್ಲೆ ಮುಟ್ಟಿಕೊಳ್ಳುತ್ತಿದ್ದಳು.

ಇಷ್ಟು ದೇಶಗಳ ನಡುವೆ ಎರಡು ದಿನ ಕಣ್ಣು ಕಟ್ಟಿ ಬಿಟ್ಟಂತೆ ಅಲೆದವಳಿಗೆ ಈಗ ದಾರಿ ಕಂಡಿತು. ಹೊಸದು ಹೂಡುವುದು ತನ್ನ ಪಾಲಿನದಲ್ಲ. ಈ ಲ್ಯಾಪ್‌ಟಾಪ್ ಕೂಡ ಆಕೆಯದೇ, ಅರ್ಧಕ್ಕೆ ನಿಂತ ಈ ಆಟವೂ ಆಕೆಯದೇ ಇರಬೇಕು. ಆಕೆ ಎಲ್ಲಿಗೆ ಬಿಟ್ಟಿದ್ದಾಳೋ ಅಲ್ಲಿಂದ ಹಿಡಿಯುವುದು. ಭಾನುವಾರ ಹುಡುಗಿ ಬಂದು ಕೇಳಿದರೆ, ನಿಮ್ಮಮ್ಮನ ದೇಶವನ್ನೇ ಆರಿಸಿಕೊಂಡೆ ಎನ್ನಬಹುದು. ಆಗಲಾದರೂ ಅವಳ ಮುಖ ಅರಳೀತು.

"ಅಕ್ಕಾ, ಅಪ್ಪಣೆ," ಎಂದು ಕೈ ಮುಗಿದು ಕೆಳಗಿನ ಹಲಗೆಯನ್ನು ಒತ್ತಿದಳು.

ತೆರೆದುಕೊಂಡದ್ದು ಬರೀ ನೀಲಿ. ಎಲ್ಲಿ ನೋಡಿದರೂ ಸಮುದ್ರ. ನಡುವೆ ಮೂರು ಪುಟ್ಟ ಹಡಗು, ಅಲುಗಾಡದೆ ನಿಂತಿದ್ದವು. ನೆಲ ಎಲ್ಲಿದೆಯೆಂದು ಹುಡುಕುವಷ್ಟರಲ್ಲಿ ಪರದೆ ಮಂಕಾಯಿತು. ಮೊಬೈಲನ್ನು ಎಬ್ಬಿಸುವ ಹಾಗೆ ಅವಳು ಕೆಳಗಿನ ಉದ್ದ ಕೀಲಿಯನ್ನು ಒತ್ತಿದಳು. ಬೆಳಕು ಬಂತು, ಹಡಗು ಅಲುಗಿದವು, ಮೂಲೆಯಲ್ಲಿ ತಾರೀಖಿನ ಅಂಕಿಗಳು ಓಡತೊಡಗಿದವು. ಅಕ್ಷರ ದೊಡ್ಡದಾಗಲಿ ಎಂದು ಅಲ್ಲಿದ್ದ ಕೂಡುವ ಗುರುತನ್ನು ನಾಲ್ಕು ಸಲ ಒತ್ತಿದಳು. ಅಕ್ಷರ ಹಾಗೆಯೇ ಇತ್ತು, ಅಂಕಿಗಳು ಮಾತ್ರ ಕಣ್ಣಿಗೆ ಸಿಗದ ಹಾಗೆ ಓಡಿದವು. ಪಕ್ಕದಲ್ಲಿ ಒಂದೊಂದೇ ಚೀಟಿಯಂಥವು ಬಂದು ಏನೋ ಕೇಳತೊಡಗಿದವು. ಬಂದದ್ದಕ್ಕೆಲ್ಲ ಹೂಂ ಅನ್ನುವುದು ಹೊಸ ಸೊಸೆ ಕಲಿಯುವ ಮೊದಲ ಪಾಠ. ನಿರ್ಮಲಾ ಎಲ್ಲಕ್ಕೂ ಹೂಂ ಒತ್ತಿದಳು.

"ನಿರ್ಮಲಾ, ಬಾರೇ ಇತ್ಲಾಗೆ. ಕೈ ಸಾಲವು," ಎಂದು ಪಡಸಾಲೆಯಿಂದ ಸೂರಮ್ಮ ಕೂಗಿದಳು.

ದೊಡ್ಡಉಳ್ಳಾರ್ತಿಯಲ್ಲಿದ್ದ ತಮ್ಮ ಹೊಲಕ್ಕೆ ಬಿತ್ತನೆಯ ಶೇಂಗಾ ಒಡೆಯುವ ಕೆಲಸ. ಯಂತ್ರಕ್ಕೆ ಹಾಕಿದರೆ ಬೀಜದ ಸಿಪ್ಪೆ ತರಚುತ್ತದೆ, ತರಚಿದ್ದು ಮೊಳೆಯುವುದಿಲ್ಲ. ಬಿತ್ತುವ ಬೀಜ ಕೈಯಲ್ಲೇ ಒಡೆಯಬೇಕು. ಅಕ್ಕಪಕ್ಕದ ಹೆಂಗಸರೂ ಬಂದು ಕೂತಿದ್ದರು. ನಿರ್ಮಲಾ ಹೋಗಿ ಮೊರ ಎಳೆದುಕೊಂಡಳು. ಮಾತು ಶೇಂಗಾದಿಂದ ಚಿನ್ನದ ರೇಟಿಗೆ, ಅಲ್ಲಿಂದ ಯಾರದೋ ಸೊಸೆಗೆ ಹೊರಳಿತು. ಅವಳಿಗೂ ನಗು ಬಂತು. ಬಹಳ ದಿನದ ಮೇಲೆ ಮನಸ್ಸು ಹಗುರವಾಗಿತ್ತು. ಚಹಾ ಇಡಲು ಎದ್ದಾಗಲೇ ಲ್ಯಾಪ್‌ಟಾಪಿನ ನೆನಪಾದದ್ದು.

ಪರದೆಯ ಮಧ್ಯೆ ಕಪ್ಪು ಅಂಚಿನ ಒಂದು ಚೌಕ ನಿಂತಿತ್ತು. ಒಂದು ಗಂಟೆ ಬಾರಿಸಿದಂಥ ಸದ್ದು ಇನ್ನೂ ಗುಂಯ್‌ಗುಡುತ್ತಿತ್ತು. ಅವಳು ಬೆರಳಿಟ್ಟು ಓದಿದಳು. ಕ್ವೀನ್ ಎಂದಿತ್ತು. ಆಮೇಲಿನ ಹೆಸರನ್ನು ಕೂಡಿಸಿ ಓದುವ ಅಗತ್ಯ ಬೀಳಲಿಲ್ಲ. ಗ್ಯಾಸಿನ ಪುಸ್ತಕದ ಮೇಲೆ, ಕರೆಂಟಿನ ಬಿಲ್ಲಿನ ಮೇಲೆ ಅವಳು ತಿಂಗಳು ತಿಂಗಳೂ ನೋಡುವ ಇಂಗ್ಲಿಷ್ ಅಕ್ಷರಗಳೇ ಅವು. ಪ್ರೇಮಲತಾ. ಡೆಡ್ ಎನ್ನುವ ಮಾತು ಯಾರಿಗೆ ತಿಳಿಯದು? ಕೆಳಗೆ ವಯಸ್ಸು, ಅರವತ್ತೆರಡು. ಅದರ ಕೆಳಗೆ ಇನ್ನೊಂದು ಸಾಲು, ನಿದ್ದೆಯಲ್ಲಿ, ಎಂದೇನೋ. ಮೂರು ಸಲ ಓದಿದಳು. ಕೊನೆಯಲ್ಲಿ ಒಂದೇ ಒಂದು ಹಲಗೆ, ಅದೇ ಹೂಂ ಅನ್ನುವ ಹಲಗೆ. ಇದಕ್ಕೆ ಮಾತ್ರ ಅವಳ ಕೈ ಬರಲಿಲ್ಲ. ಲ್ಯಾಪ್‌ಟಾಪನ್ನು ಮುಚ್ಚಿ, ಅದರ ಮೇಲೆ ಎರಡೂ ಅಂಗೈ ಇಟ್ಟು ನಿಂತಳು. ಏನಾಯಿತೆಂದು ತಿಳಿಯಲಿಲ್ಲ. ಏನೋ ಕೆಟ್ಟದ್ದಾಯಿತು, ತನ್ನ ಕೈಯಿಂದಲೇ ಆಯಿತು ಎನ್ನುವುದಷ್ಟೇ ತಿಳಿಯಿತು.

ಶನಿವಾರ ಬೆಳಿಗ್ಗೆ ಅತ್ತೆಗೆ ಸೊಪ್ಪು ತರುತ್ತೇನೆಂದು ಹೇಳಿ ಚೀಲದಲ್ಲಿ ಲ್ಯಾಪ್‌ಟಾಪ್ ಇಟ್ಟುಕೊಂಡು ಪೇಟೆಗೆ ಹೋದಳು. ಮುಬಾರಕ್‌ನದು ಮೊಬೈಲ್, ಕಂಪ್ಯೂಟರ್ ರಿಪೇರಿಯ ಗೂಡಿನಂಥ ಅಂಗಡಿ. ಅವಳು ಚೀಲದಿಂದ ಹೊರತೆಗೆದ ಲ್ಯಾಪ್‌ಟಾಪನ್ನು ನೋಡಿದವನೇ ಅವನು ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟ.

"ಇದು ಪ್ರೇಮಾ ಮೇಡಂದಲ್ವಾ ಅಕ್ಕಾ?"

"ಹೂಂ. ಗೊತ್ತಾ ನಿನಗೆ?"

"ಅರೆ, ನಾನು ಅವರ ಸ್ಟೂಡೆಂಟು. ಈ ಆಟ ಹಾಕ್ಕೊಟ್ಟೋನೂ ನಾನೇ. ಮಕ್ಕಳಿಗೆ ಸಮುದ್ರದ ದಾರಿ ತೋರ್ಸಾಕೆ ಬೇಕು ಅಂದ್ರು. ಆಮೇಲೆ ತಾವೇ ಆಡ್ತಿದ್ರು. ಮಗಳಿಗೂ ಕಲಿಸಿದ್ರು. ಆಸ್ಪತ್ರೆಯಿಂದ ಬಂದ್ರೆ ತಾಯಿ ಮಗಳು ಇದರ ಮುಂದೇನೇ." ಅವನು ಮುಚ್ಚಳ ತೆರೆದ. ಕಪ್ಪು ಚೌಕ ಹಾಗೆಯೇ ನಿಂತಿತ್ತು. ಮುಬಾರಕ್ ಓದಿದ.

"ಇದನ್ನ ಹಿಂದಕ್ಕೆ ತರಬೇಕು ಕಣಪ್ಪ," ಎಂದಳು ನಿರ್ಮಲಾ. "ನಿನ್ನೆ ಮಧ್ಯಾಹ್ನ ಹೆಂಗಿತ್ತೋ ಹಂಗೆ. ಮೂರು ಹಡಗಿದ್ವು, ನಡುನೀರಾಗೆ."

ಅವನು ಆ ಚೌಕವನ್ನು ಮುಚ್ಚಿ ಅಲ್ಲಿ ಇಲ್ಲಿ ಒತ್ತಿ ನೋಡಿದ. ತಲೆ ಅಲ್ಲಾಡಿಸಿದ. "ಆಗಲ್ಲ ಅಕ್ಕಾ. ಆಟದಾಗೆ ಎರಡು ಥರ ಐತೆ. ಒಂದ್ರಾಗೆ ಬೇಕಾದಾಗ ಹಿಂದಕ್ಕೆ ಹೋಗಬಹುದು. ಇನ್ನೊಂದು ತಾನೇ ಬರ್ಕಂತ ಹೋಗೋದು, ಹಿಂದಿನದ್ನ ಅಳಿಸ್ಕಂತ ಬರ್ತೈತೆ. ಮೇಡಂ ಈ ಎರಡನೇದು ಹಾಕ್ಕಂಡವ್ರೆ. ನಾನು ಬ್ಯಾಡ ಮೇಡಂ, ಕಷ್ಟ ಅಂದಿದ್ದೆ. ತಪ್ಪು ಮಾಡಿದ್ರೆ ತಪ್ಪಿನ ಜೊತೇನೇ ಮುಂದಕ್ಕೆ ಹೋಗಬೇಕು ಕಣೋ, ಇತಿಹಾಸ ಅಂದ್ರೆ ಅದೇ ಅಂದ್ರು." ಅವನು ನಿಟ್ಟುಸಿರಿಟ್ಟ. "ರಾಣಿಗೆ ತಾಯಿ ಹೆಸರಿಟ್ಟೋಳು ಆ ಹುಡುಗಿ. ನನ್ನ ಮುಂದೇನೇ ಇಟ್ಲು. ಮೇಡಂ ಹೋದ ಮೇಲೆ ಅವಳು ಇದನ್ನ ಮುಟ್ಟಿಲ್ಲ ಅನ್ಸುತ್ತೆ. ನಿನ್ನೇದಕ್ಕಿಂತ ಹಿಂದೆ ಆಡಿದ ತಾರೀಖು ನೋಡಿದ್ರೆ ಮೂರು ವರ್ಷ ಹಂಗೇ ನಿಲ್ಸಿಟ್ಟವ್ಳೆ."

ನಿರ್ಮಲಾಗೆ ಈಗ ತಿಳಿಯಿತು. ಸಂಜೆ ಸಂಜೆ ರಾಗ ಕೇಳಿ ಟಪ್ ಎಂದು ಮುಚ್ಚುತ್ತಿದ್ದುದು ಯಾಕೆಂದು ತಿಳಿಯಿತು. ಅಂಗಡಿಯ ಮುಂದೆ ಹಾಕಿದ್ದ ಸ್ಟೂಲಿನ ಮೇಲೆ ಕೂತುಬಿಟ್ಟಳು. ಮುಬಾರಕ್ ಪಕ್ಕದ ಹೋಟೆಲಿಗೆ ಕೂಗಿ ಚಹಾ ತರಿಸಿದ. ರಿಪೇರಿಯೇ ಮಾಡಲಿಲ್ಲ ಎಂದು ದುಡ್ಡು ಮುಟ್ಟಲಿಲ್ಲ.

ಊಟದ ಹೊತ್ತಿಗೆ ಮಿಲ್ಲಿನಿಂದ ಬಂದ ಗಂಡನಿಗೆ ಎಲ್ಲ ಹೇಳಿದಳು. ಆಂಜಿನೇಯ ಮುರಿದ ಮುದ್ದೆಯನ್ನು ತಟ್ಟೆಗೇ ಬಿಟ್ಟ. ಅವನಿಗೂ ಆ ಆಟದ ರಾಣಿಯ ಹೆಸರು ಗೊತ್ತಿರಲಿಲ್ಲ. "ಹೇಳಾಕೆ ಹೋಗಬ್ಯಾಡ," ಎಂದ. "ಅವಳು ಅದನ್ನ ತೆಗೆಯಲ್ಲ ಅಂತೀಯಲ್ಲ. ತೆಗೆದ್ರೂ ಕರೆಂಟ್ ಹೋಗಿ ಕೆಟ್ಟಿರ್ಬೇಕು ಅಂತೀನಿ ನಾನು. ಈಗಿನ್ನ ಎರಡು ಮಾತಾಡಾಕೆ ಹತ್ತೌಳೆ. ನೀನು ಹೇಳಿದ್ರೆ ಅದೂ ಹೋಗ್ತತೆ."

ಗಂಡನ ಮಾತು ಸುಳ್ಳಾಗಿರಲಿಲ್ಲ. ನಿರ್ಮಲಾ ಮೊರದ ಮುಂದೆ ಕೂತು ಶೇಂಗಾ ಒಡೆದಳು. ಹೇಳಿದರೆ ಹುಡುಗಿ ದೂರ ಹೋಗುತ್ತಾಳೆ, ಹೇಳದಿದ್ದರೆ ತಾನು ದಿನಾ ಆ ರಾಗ ಕೇಳಿಕೊಂಡು ಸಾರು ಕುದಿಸಬೇಕು. ಅಕ್ಕನನ್ನು ಕೇಳೋಣವೆಂದು ಬಿಲ್ಲೆ ಮುಟ್ಟಿದಳು. ಕೇಳುವುದಾದರೂ ಏನೆಂದು? ಅಪ್ಪಣೆ ಕೇಳಿಯೇ ತಾನೇ ಒತ್ತಿದ್ದು. ಅಪ್ಪಣೆ ಕೊಟ್ಟವಳೇ ಹೋಗಿಬಿಟ್ಟಳು. ಯೋಚಿಸುತ್ತಾ ಯೋಚಿಸುತ್ತಾ ಬೀಜವನ್ನು ಹೊಟ್ಟಿಗೆ, ಹೊಟ್ಟನ್ನು ಬೀಜಕ್ಕೆ ಹಾಕಿದ್ದಳು. ಸೂರಮ್ಮ ಗದರಿದಳು.

ಭಾನುವಾರ ಹನ್ನೊಂದರ ಹೊತ್ತಿಗೆ ರಶ್ಮಿತಾ ಪರಶುರಾಂಪುರದ ಬಸ್ಸಿಳಿದು ಬಂದಳು. ಕೈಯಲ್ಲಿ ಅಜ್ಜಿ ಕೊಟ್ಟ ಈರುಳ್ಳಿಯ ಚೀಲ. ಬಾಗಿಲಲ್ಲೇ ಚಪ್ಪಲಿ ಬಿಡುತ್ತಾ, "ಆರಿಸಿದ್ರಾ?" ಎಂದಳು. ಕೇಳುವಾಗ ನಕ್ಕಳು. ಬಿಸಿಲಿಗೆ ಕೆಂಪಾದ ಮುಖದಲ್ಲಿ ಆ ನಗು ಎಷ್ಟು ಚೆನ್ನಾಗಿತ್ತೆಂದರೆ, ಗೋಡೆಯ ಫೋಟೋದ ಹೆಂಗಸು ಹೀಗೆಯೇ ನಗುತ್ತಿದ್ದಿರಬೇಕು ಎಂದು ನಿರ್ಮಲಾಗೆ ಅನ್ನಿಸಿತು. ಪೋರ್ಚುಗಲ್ ಎಂದು ಒಂದು ಮಾತು ಹೇಳಿದರೆ ಮುಗಿಯುತ್ತಿತ್ತು. ಅದು ಅವಳ ನಾಲಿಗೆಯ ತುದಿಯಲ್ಲೇ ಇತ್ತು.

"ಆರಿಸಿದೆ," ಎಂದಳು. "ತಪ್ಪಾಗೋಯ್ತು ಕಣಮ್ಮ."

ನಿಂತ ಕಾಲಲ್ಲೇ ಎಲ್ಲ ಹೇಳಿದಳು. ಕೆಳಗಿನ ಹಲಗೆ, ನೀಲಿ ಸಮುದ್ರ, ಉದ್ದ ಕೀಲಿ, ಶೇಂಗಾ, ಕಪ್ಪು ಅಂಚಿನ ಚೌಕ. ಮುಬಾರಕ್ ಹೇಳಿದ್ದನ್ನೂ ಬಿಡಲಿಲ್ಲ. ರಶ್ಮಿತಾಳ ಕೈಯಿಂದ ಚೀಲ ಜಾರಿ ಈರುಳ್ಳಿ ಪಡಸಾಲೆಯ ತುಂಬ ಉರುಳಿದವು.

"ಅದನ್ನ ಯಾಕೆ ಒತ್ತಿದ್ರಿ? ನಾನು ಮೇಲಿಂದು ತಾನೇ ತೋರ್ಸಿದ್ದು."

"ಹೊಸಾದು ಹೂಡಬಾರ್ದು ಅಂತ. ಅಕ್ಕ ಬಿಟ್ಟಿದ್ದನ್ನೇ ಹಿಡ್ಕಂಡು..."

"ಅಕ್ಕ ಅನ್ಬೇಡಿ," ಎಂದಳು ಹುಡುಗಿ. ದನಿ ಏರಿಸಲಿಲ್ಲ. "ನೀವು ನೋಡೇ ಇಲ್ಲ ನಮ್ಮಮ್ಮನ್ನ."

ಕೋಣೆಯ ಬಾಗಿಲು ಈ ಸಲ ಪೂರ್ತಿ ಮುಚ್ಚಿತು. ಸೂರಮ್ಮ ಏನಾಯಿತೆಂದು ಕೇಳುತ್ತಲೇ ಇದ್ದಳು. ನಿರ್ಮಲಾ ಮಂಚದ ಕೆಳಗೆಲ್ಲ ಕೈ ಹಾಕಿ ಈರುಳ್ಳಿ ಆರಿಸಿದಳು. ಆಗ ಮಾತ್ರ ಅಳು ಬಂತು. ಈರುಳ್ಳಿ ಇತ್ತು ಎನ್ನುವುದೊಂದು ಅನುಕೂಲ.

ಊಟಕ್ಕೆ ಹುಡುಗಿ ಬರಲಿಲ್ಲ. ಆಂಜಿನೇಯ ಬಾಗಿಲು ತಟ್ಟಿ ಬಂದ, "ಹೇಳಿದ್ನಲ್ಲ," ಎನ್ನುವ ಮುಖ ಮಾಡಿಕೊಂಡು ಮಲಗಿದ. ನಾಲ್ಕರ ಸುಮಾರಿಗೆ ನಿರ್ಮಲಾ ಪಾತ್ರೆ ತೊಳೆಯುತ್ತಿದ್ದಾಗ ಕೋಣೆಯಿಂದ ಕಹಳೆಯ ರಾಗ ಕೇಳಿಸಿತು. ಅವಳು ನಲ್ಲಿ ನಿಲ್ಲಿಸಿದಳು. ರಾಗ ಟಪ್ ಎಂದು ನಿಲ್ಲಲಿಲ್ಲ. ಪೂರ್ತಿ ಮುಗಿದು ಮತ್ತೆ ಮೊದಲಿನಿಂದ ಶುರುವಾಯಿತು. ಆಮೇಲೆ ಬಾಗಿಲು ತೆರೆದ ಸದ್ದು. ರಶ್ಮಿತಾ ಅಡುಗೆಮನೆಯ ಹೊಸ್ತಿಲಲ್ಲಿ ಬಂದು ನಿಂತಳು. ಕಣ್ಣು ಊದಿದ್ದವು.

"ವಯಸ್ಸು ಎಷ್ಟು ಅಂತ ಇತ್ತು?"

"ಅರವತ್ತೆರಡು."

"ಅರವತ್ತೆರಡಾ? ಸರಿಯಾಗಿ ನೋಡಿದ್ರಾ?"

"ಮೂರು ಸಲ ಓದಿದೆ."

"ಯುದ್ಧದಾಗಾ? ಕಾಯಿಲೆನಾ?"

"ಇಲ್ಲ. ನಿದ್ದೆಯಾಗೆ ಅಂತ ಇತ್ತು."

ರಶ್ಮಿತಾ ಹೊಸ್ತಿಲ ಮೇಲೆ ಒಂದು ಕಾಲಿಂದ ಇನ್ನೊಂದು ಕಾಲಿನ ಹಿಮ್ಮಡಿ ಕೆರೆದುಕೊಳ್ಳುತ್ತಾ ನಿಂತಳು. ತುಟಿಯೊಳಗೆ ಏನೋ ಲೆಕ್ಕ ಹಾಕಿದಳು. "ಅರವತ್ತೆರಡು," ಎಂದು ಇನ್ನೊಮ್ಮೆ ಅಂದಳು, ಪರಶುರಾಂಪುರದ ಅಜ್ಜಿಯಷ್ಟು ವಯಸ್ಸಿಗೆ ಅಮ್ಮ ಮುಟ್ಟಿದಳೇ ಎನ್ನುವ 'ಅಬ್ಬ' ಅದರಲ್ಲಿತ್ತು. ಆಮೇಲೆ ತಿರುಗಿ ಒಳಗೆ ಹೋದಳು. ಬಾಗಿಲು ಮುಚ್ಚಲಿಲ್ಲ. ಕರೆದಳೋ ಇಲ್ಲವೋ ನಿರ್ಮಲಾಗೆ ತಿಳಿಯಲಿಲ್ಲ. ಕೈ ಒರೆಸಿಕೊಳ್ಳುತ್ತಾ ಹೋಗಿ ಬಾಗಿಲ ಪಕ್ಕದಲ್ಲಿ ನಿಂತಳು.

ಪರದೆಯ ಮೇಲೆ ನಾಡೊಂದು ತೆರೆದುಕೊಂಡಿತ್ತು. ಮೂಲೆಯಲ್ಲಿದ್ದ ನಾಡು, ಬೆನ್ನಿಗೆ ಸಮುದ್ರ. ಓಹೋ, ಇದು ಪೋರ್ಚುಗಲ್ ಎಂದು ನಿರ್ಮಲಾ ಮೊದಲ ಸಲ ಕಂಡಳು. ಗೋವಾ ಎಲ್ಲಿ, ಇದೆಲ್ಲಿ.

"ಎಷ್ಟು ಸಾಲ ಮಾಡಿದೀರ," ಎಂದಳು ರಶ್ಮಿತಾ ಪರದೆಯನ್ನೇ ನೋಡುತ್ತಾ. "ಕೇಳಿದೋರಿಗೆಲ್ಲ ಹೂಂ ಅಂದಿದೀರ. ಎರಡು ಊರು ಪಕ್ಕದೋನು ತಗಂಡವ್ನೆ."

"ಈಗ ಅರಸು ಯಾರು?"

"ಯಾರೋ ಚಿಕ್ಕೋನು. ಆರು ವರ್ಷ. ಅವನು ದೊಡ್ಡೋನಾಗೋತಂಕ ಬೇರೆಯೋರು ನೋಡ್ಕಂತಾರೆ. ಅಲ್ಲಿತಂಕ ನಾವು ಯಾರ ಮ್ಯಾಲೂ ಯುದ್ಧ ಸಾರಂಗಿಲ್ಲ."

"ಹೊಸಬ್ರಿಗೆ ಕಷ್ಟಾನಾ ಹಂಗಾದ್ರೆ?"

"ಈಗ ಬಲೇ ಕಷ್ಟ." ಅವಳು ಭೂಪಟವನ್ನು ಎಳೆಯುತ್ತಾ ಕೆಳಕ್ಕೆ ಹೋದಳು. ನಡುನೀರಿನಲ್ಲಿ ಒಂದು ಕಡೆ ನಿಂತು ಹುಡುಕಿದಳು. ಅಲ್ಲಿ ನೀಲಿ ಬಿಟ್ಟರೆ ಏನೂ ಇರಲಿಲ್ಲ. "ಹಡಗು ಹೋದ್ವು," ಎಂದಳು. ದನಿ ಕುಸಿಯಿತು. "ಇಲ್ಲೇ ನಿಲ್ಸಿದ್ದು. ಅಮ್ಮ ಆವತ್ತು, ಸಾಕು ಕಣೆ, ಮಿಕ್ಕಿದ್ದು ನಾಳೆ ಅಂದ್ಲು."

ಸಮಾಧಾನ ಮಾಡುವ ಹಕ್ಕು ತನಗಿದೆಯೋ ಇಲ್ಲವೋ ನಿರ್ಮಲಾಗೆ ತಿಳಿಯಲಿಲ್ಲ. ಗೊತ್ತಿದ್ದ ಒಂದನ್ನೇ ಕೇಳಿದಳು. "ಎಲ್ಲಿಗೆ ಹೊಂಟಿದ್ವು?"

"ನಮ್ಮ ಕಡೆಗೇ. ಅಮ್ಮಂಗೆ ಅದೇ ಆಸೆ. ಅಲ್ಲಿಂದ ಹೊರಟು ನಮ್ಮೂರು ಮುಟ್ಟಬೇಕು ಅಂತ." ಹೇಳುತ್ತಾ ಹುಡುಗಿಯ ಬೆರಳು ನಿಂತಿತು. ಮತ್ತೆ ಭೂಪಟ ಎಳೆದಳು, ಈ ಸಲ ಬೇಗ ಬೇಗ. ಆಫ್ರಿಕಾದ ತುದಿ ಸುತ್ತಿ, ಮೇಲಕ್ಕೆ, ಬಲಕ್ಕೆ. ಭಟ್ಕಳದ ಎದುರಿಗೆ, ದಡಕ್ಕೆ ತಗುಲಿಯೂ ತಗುಲದ ಹಾಗೆ ಮೂರು ಪುಟ್ಟ ಹಡಗು ನಿಂತಿದ್ದವು. ಪಾಚಿ ಬಣ್ಣಕ್ಕೆ ತಿರುಗಿದ್ದವು, ಒಂದರ ಪಟ ಹರಿದಿತ್ತು.

"ಬಂದವೆ," ಎಂದಳು ರಶ್ಮಿತಾ. "ಅಮ್ಮ ಹೋಗು ಅಂದಿದ್ಲಲ್ಲ. ತಾವಾಗೇ ಬಂದು ನಿಂತವೆ. ಯಾವಾಗ ಬಂದ್ವೋ, ಎಷ್ಟು ವರ್ಷ ಆಯ್ತೋ."

ಅವಳು ಬಹಳ ಹೊತ್ತು ಅವನ್ನೇ ನೋಡಿದಳು. ಆಮೇಲೆ ಮಂಚದ ಮೇಲೆ ತುಸು ಆಚೆ ಸರಿದಳು. "ನಿಂತೇ ಇರ್ತೀಯೇನು? ಕುತ್ಕ."

ನಿರ್ಮಲಾ ಅಂಚಿನಲ್ಲಿ ಕೂತಳು. ಮಂಚ ಕಿರುಗುಟ್ಟಿತು. ಇಬ್ಬರೂ ಪರದೆಗೆ ಬಗ್ಗಿದರು. ಕರಾವಳಿಯ ಹಸಿರು ದಾಟಿ ಒಳಗೆ ಬಂದರೆ ನೆಲ ಕಂದು ಬಣ್ಣಕ್ಕೆ ತಿರುಗುತ್ತಿತ್ತು. ಅಲ್ಲಿ ಯಾವ ಊರಿನ ಹೆಸರೂ ಬರೆದಿರಲಿಲ್ಲ.

"ನಮ್ಮನೆ ಎಲ್ಲಿ ಬರ್ತತೆ?"

ರಶ್ಮಿತಾ ಆ ಕಂದು ಬಣ್ಣದ ಮೇಲೆ ತೋರುಬೆರಳಿಟ್ಟಳು. "ಇಲ್ಲಿ."

"ಮತ್ತೆ ನನ್ನ ತವರು, ಮೊಳಕಾಲ್ಮೂರು?"

ಹುಡುಗಿ ಬೆರಳನ್ನು ಸರಿಸಲು ಹೋದಳು. ಸರಿಸುವಷ್ಟು ಜಾಗ ಅಲ್ಲಿರಲಿಲ್ಲ.

"ಅದೂ ಇಲ್ಲೇ," ಎಂದಳು. ಎರಡೂ ಊರು ಅವಳ ಒಂದೇ ಉಗುರಿನ ಕೆಳಗಿದ್ದವು. ಉಗುರಿನ ಸಂದಿಯಲ್ಲಿ ಈರುಳ್ಳಿಯ ಚೀಲದ ಕೆಮ್ಮಣ್ಣು ಇನ್ನೂ ಹಾಗೆಯೇ ಇತ್ತು.